ಪದಚರ್ಚೆ: ಪ್ರಶ್ನಾವಳಿಯಲ್ಲಿ ‘ಲೋಕಲ್ ಫಿಶ್’, ‘ಅವಾಯ್ಡ್’ ಎಂಬುವಕ್ಕೆ ಕನ್ನಡದಲ್ಲಿ ಏನೆನ್ನಬೇಕು? (ತುರ್ತು)

(ಉಡುಪಿಯಿಂದ)

ಬಳಗದ ಎಲ್ಲರಿಗೂ ನಮಸ್ಕಾರ.

ಉಡುಪಿ ಮತ್ತು ಮಂಡ್ಯ ಜಿಲ್ಲೆಗಳ ಜನರು ತಮ್ಮ ಸುತ್ತಮುತ್ತ ಸಿಗುವ ಮೀನನ್ನು ಏಕೆ ತಿನ್ನುತ್ತಾರೆ, ಏಕೆ ಬಿಡುತ್ತಾರೆ ಎಂಬುದನ್ನು ತಿಳಿಯಲು ನಾವು ಮನೆಮನೆಗೆ ಹೋಗಿ ಕೇಳುವ ಸಮೀಕ್ಷೆಯೊಂದನ್ನು ಸಿದ್ಧಪಡಿಸುತ್ತಿದ್ದೇವೆ. ಮೂಲ ಪ್ರಶ್ನಾವಳಿ ಇಂಗ್ಲಿಷಿನಲ್ಲಿದ್ದು, ಕನ್ನಡದ ಪ್ರತಿ ಸೋಮವಾರ ಅಚ್ಚಿಗೆ ಹೋಗಬೇಕಾಗಿದೆ. ‘ಲೋಕಲ್ ಫಿಶ್’ ಎಂಬುದಕ್ಕೆ ‘ಸ್ಥಳೀಯ ಮೀನು’ ಎಂದೂ ‘ಅವಾಯ್ಡ್’ ಎಂಬುದಕ್ಕೆ ‘ವರ್ಜಿಸು’ ಎಂದೂ ಬರೆದುಕೊಂಡು ಮಲ್ಪೆಯ ಸಮೀಪದ ಒಂದು ಮನೆಯಲ್ಲಿ ಓದಿ ನೋಡಿದೆ. ಅಂಗಳದಲ್ಲಿ ಕುಳಿತು ಬಂಗುಡೆ ಹೆಚ್ಚುತ್ತಿದ್ದ ಹಿರಿಯ ಹೆಂಗಸು ಕೈಯ ಕೆಲಸ ನಿಲ್ಲಿಸಿ, “ಸ್ಥಳೀಯ ಅಂದರೆ ನಾಡದೋಣಿಯದ್ದಾ, ಬೋಟಿನದ್ದಾ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ನಾಡದೋಣಿ ಬೆಳಗ್ಗೆ ಹೋಗಿ ಅದೇ ದಿನ ಮರಳುತ್ತದೆ. ಆಳಸಮುದ್ರದ ಬೋಟು ಹಲವು ದಿನ ಕಡಲಲ್ಲಿದ್ದು, ಹಿಡಿದದ್ದನ್ನು ಐಸಿನಲ್ಲಿಟ್ಟು ತರುತ್ತದೆ. ಎರಡೂ ಇಳಿಯುವುದು ಮಲ್ಪೆಯಲ್ಲಿಯೇ, ಆದರೆ ಆಕೆಯ ಪಾಲಿಗೆ ಎರಡೂ ಒಂದೇ ಅಲ್ಲ. ‘ವರ್ಜಿಸು’ ಎಂಬ ಪದವನ್ನಂತೂ ನಾನು ಎರಡು ಸಲ ಬಿಡಿಸಿ ಹೇಳಬೇಕಾಯಿತು.

ಮಂಡ್ಯದ ತೊಡಕು ಬೇರೆ ಬಗೆಯದು. ಅಲ್ಲಿನ ಕೆರೆಗಳಲ್ಲಿ ಮರಿ ಬಿಟ್ಟು ಬೆಳೆಸುವ ಕಾಟ್ಲಾ, ರೋಹು, ಮೃಗಾಲ್ ಮೂರೂ ಮೂಲದಲ್ಲಿ ಗಂಗಾ ನದಿಯ ಕಡೆಯ ಮೀನುಗಳು; ಜಿಲೇಬಿ ಎಂದು ಕರೆಯುವ ತಿಲಾಪಿಯಾ ಆಫ್ರಿಕಾದಿಂದ ಬಂದದ್ದು. ಆದರೆ ತಿನ್ನುವವರು ಅವೆಲ್ಲವನ್ನೂ ‘ನಮ್ಮ ಕೆರೇದು’ ಎನ್ನುತ್ತಾರೆ. ಇವುಗಳಿಗೂ ಕೊರವದಂಥ ಇಲ್ಲಿಯದೇ ಮೀನಿಗೂ ಒಪ್ಪುವ ಒಂದು ಮಾತು ಇದ್ದರೆ ದಯವಿಟ್ಟು ತಿಳಿಸಿ.

(ಧಾರವಾಡದಿಂದ)

‘ಸ್ಥಳೀಯ’, ‘ವರ್ಜಿಸು’, ‘ಸಮೀಕ್ಷೆ’ ಮೂರೂ ಸಂಸ್ಕೃತದವು. ಮೀನು ಎಂಬ ಪದವನ್ನು ಸಂಸ್ಕೃತವೇ ದ್ರಾವಿಡದಿಂದ ಪಡೆದಿರುವಾಗ, ಅದರ ಮುಂದೆ ‘ಸ್ಥಳೀಯ’ವನ್ನು ಕೂರಿಸುವ ಅಗತ್ಯವೇನಿದೆ? ‘ನಾಟಿ ಮೀನು’ ಎನ್ನಿ. ‘ನಾಟು’ ಎಂಬ ಅಚ್ಚಗನ್ನಡ ಧಾತುವಿನಿಂದ ಬಂದ ಪದವದು. ನೆಲಕ್ಕೆ ನಾಟಿಕೊಂಡದ್ದು, ಬೇರುಬಿಟ್ಟದ್ದು ಎಂಬ ಅರ್ಥ ಅದರಲ್ಲಿಯೇ ಅಡಗಿದೆ. ‘ವರ್ಜಿಸು’ ಎಂಬುದಕ್ಕೆ ‘ತೊರೆ’. ಇದರಲ್ಲಿ ಚರ್ಚೆಗೆ ಎಡೆಯಿಲ್ಲ.

(ಕುಂದಾಪುರದಿಂದ)

ಧಾರವಾಡದ ಹಿರಿಯರು ಹೇಳಿದ ವ್ಯುತ್ಪತ್ತಿ ಸರಿಯಲ್ಲ. ಕೋಳಿಗೂ ಮೀನಿಗೂ ಹತ್ತುವ ‘ನಾಟಿ’ ಬಂದದ್ದು ‘ನಾಡು’ ಎಂಬುದರಿಂದ. ತಮಿಳಿನ ‘ನಾಟ್ಟುಕ್ಕೋಳಿ’, ತೆಲುಗಿನ ‘ನಾಟುಕೋಡಿ’ಗಳನ್ನು ಎದುರಿಗಿಟ್ಟುಕೊಂಡರೆ ಇದು ಸ್ಪಷ್ಟವಾಗುತ್ತದೆ. ಷಷ್ಠಿಯಲ್ಲಿ ಡಕಾರ ಟಕಾರವಾಗುವುದು ಆ ಭಾಷೆಗಳ ರೂಢಿ. ಕನ್ನಡದಲ್ಲಿ ಅದು ‘ನಾಡ’ ಎಂದೇ ಉಳಿಯುತ್ತದೆ. ಮಲ್ಪೆಯ ತಾಯಿ ಹೇಳಿದ ‘ನಾಡದೋಣಿ’ಯಲ್ಲಿ ಇರುವುದು ಅದೇ ಪದದ ಕನ್ನಡ ರೂಪ. ಹೀಗಾಗಿ ಅಚ್ಚಗನ್ನಡವೆಂದು ತಾವು ಎತ್ತಿಹಿಡಿದ ‘ನಾಟಿ’ಯೇ ನೆರೆಮನೆಯಿಂದ ಬಂದಿರುವ ಸಂಭವ ಹೆಚ್ಚು. ಹಾಗೆ ಬಂದದ್ದರಲ್ಲಿ ನನಗೆ ಆಕ್ಷೇಪವಿಲ್ಲ. ಅದು ಹಳೇ ಮೈಸೂರಿನವರ ಬಾಯಲ್ಲಿ ಅವರದೇ ಆಗಿಬಿಟ್ಟಿದೆ. ನನ್ನ ಆಕ್ಷೇಪ ಇರುವುದು ಅರ್ಥದ ಬಗ್ಗೆ. ಅಲ್ಲಿ ‘ನಾಟಿ’ ಎಂದರೆ ಸಾಕಣೆಯದಲ್ಲದ್ದು, ಫಾರಂ ಎಂಬುದಕ್ಕೆ ಎದುರಾದದ್ದು. ಆ ಪದ ಹಾಕಿದ ಕೂಡಲೇ ಕೆರೆಯಲ್ಲಿ ಬೆಳೆಸಿದ ಕಾಟ್ಲಾ ಹೊರಗೆ ಉಳಿಯುತ್ತದೆ. ನಮ್ಮ ಕಡೆ ನಾಟಿ ಎಂದರೆ ಮೊದಲು ನೆನಪಾಗುವುದು ಗದ್ದೆ. ಕೋಳಿ ನಮಗೆ ಊರ ಕೋಳಿ, ನಿಮ್ಮ ಧಾರವಾಡಕ್ಕೆ ಜವಾರಿ ಕೋಳಿ. ಬಂಗುಡೆಗೆ ಈ ಮೂರರಲ್ಲಿ ಯಾವುದನ್ನೂ ಅಂಟಿಸುವುದನ್ನು ನಾನು ಕೇಳಿಲ್ಲ; ಕಡಲ ಮೀನಿಗೆ ತಳಿಯ ಪ್ರಶ್ನೆಯೇ ಹುಟ್ಟುವುದಿಲ್ಲ.

ಆದ್ದರಿಂದ ಒಂದೇ ವಿಶೇಷಣಕ್ಕಾಗಿ ಹುಡುಕುವುದನ್ನು ಬಿಟ್ಟು, ಮೀನು ಎಲ್ಲಿಂದ ಬಂತೆಂದು ಜನರು ಹೇಳುವ ರೀತಿಯಲ್ಲಿಯೇ ಕೇಳಬೇಕೆಂದು ನನ್ನ ಸಲಹೆ. ನಾಡದೋಣಿಯ ಮೀನು, ಬೋಟಿನ ಮೀನು, ಹೊಳೆ ಮೀನು, ಕೆರೆ ಮೀನು, ಹೊರಗಿನಿಂದ ಲಾರಿಯಲ್ಲಿ ಬಂದ ಐಸಿನ ಮೀನು ಎಂದರೆ ಯಾರಿಗೂ ಗೊಂದಲವಾಗುವುದಿಲ್ಲ. ಕೇಳುವ ತಿಂಗಳನ್ನೂ ನಮೂದಿಸಿ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ; ಪೂರ್ವ ಕರಾವಳಿಯ ನಿಷೇಧವಾದರೋ ಏಪ್ರಿಲ್ 15ಕ್ಕೆ ಆರಂಭವಾಗಿ ಜೂನ್ 14ಕ್ಕೇ ಮುಗಿಯುತ್ತದೆ. ಹೀಗಾಗಿ ಆಷಾಢದ ಸಂತೆಯಲ್ಲಿ ನಿಂತು ‘ಇಲ್ಲಿನ ಮೀನೇ?’ ಎಂದು ಕೇಳಿದರೆ ಬರುವ ಉತ್ತರವೂ ದೀಪಾವಳಿಯ ಹೊತ್ತಿನ ಉತ್ತರವೂ ಒಂದೇ ಆಗಿರಲು ಸಾಧ್ಯವಿಲ್ಲ.

‘ತೊರೆ’ ಎಂಬುದು ಇಲ್ಲಿ ಸಲ್ಲದು. ಹಿಡಿದುಕೊಂಡಿದ್ದನ್ನು ಮಾತ್ರ ತೊರೆಯಬಹುದು. ಹುಟ್ಟಿದಾಗಿನಿಂದ ತಿನ್ನದವರು ಏನನ್ನು ತೊರೆದಂತಾಯಿತು? ‘ವರ್ಜಿಸು’ ಎಂಬುದಂತೂ ವ್ರತದ ಮಾತು, ಅದನ್ನು ಓದಿದವರಿಗೆ ಏಕಾದಶಿ ನೆನಪಾಗುತ್ತದೆ. ಅಷ್ಟಕ್ಕೂ ತಾವು ಅರಸುತ್ತಿರುವ ಕಾರಣಗಳನ್ನು ಕನ್ನಡದ ನಿಷೇಧ ಕ್ರಿಯಾಪದಗಳು ಆಗಲೇ ವಿಂಗಡಿಸಿ ಇಟ್ಟಿವೆ. ‘ನನಗೆ ಬೂತಾಯಿ ಸೇರುವುದಿಲ್ಲ’ ಎಂದರೆ ರುಚಿಯ ಮಾತು. ‘ಆಗಿಬರುವುದಿಲ್ಲ’ ಎಂದರೆ ಮೈಯ ಮಾತು. ‘ನಮ್ಮ ಮನೆಯಲ್ಲಿ ತರುವುದಿಲ್ಲ’ ಎಂದರೆ ಪದ್ಧತಿ. ‘ನಮಗೆ ಎಟುಕುವುದಿಲ್ಲ’ ಎಂದರೆ ಬೆಲೆ. ‘ಬಿಟ್ಟಿದ್ದೇವೆ’ ಎಂದವರು ಮೊದಲು ತಿನ್ನುತ್ತಿದ್ದವರು, ಅವರನ್ನು ಯಾವಾಗಿನಿಂದ ಎಂದು ಕೇಳಲೇಬೇಕು. ಇವೆಲ್ಲವನ್ನೂ ‘ವರ್ಜಿಸು’ ಎಂಬ ಒಂದೇ ಪದದಡಿಗೆ ತಳ್ಳಿದರೆ, ಜನರು ಬೇರೆಬೇರೆಯಾಗಿ ಕೊಡುತ್ತಿದ್ದ ಉತ್ತರಗಳನ್ನು ಪ್ರಶ್ನೆಯೇ ನುಂಗಿಬಿಡುತ್ತದೆ.

(ಧಾರವಾಡದಿಂದ)

‘ನಾಡು’ ಮೂಲವಿರಬಹುದು, ಒಪ್ಪುತ್ತೇನೆ. ಆದರೆ ‘ಬೋಟಿನ ಮೀನು’, ‘ಐಸಿನ ಮೀನು’ ಎಂದು ಅಚ್ಚು ಹಾಕಿಸುವುದನ್ನು ಒಪ್ಪಲಾರೆ. ಮಂಜುಗಡ್ಡೆ ಎಂಬ ಪದ ಇಲ್ಲವೇ? ಮಾರುಕಟ್ಟೆಯಲ್ಲಿ ಕೇಳಿದ್ದನ್ನೆಲ್ಲ ಬರೆಯುವುದಾದರೆ ಪದ ಕಟ್ಟುವ ಕೆಲಸವನ್ನು ಯಾರು ಮಾಡಬೇಕು?

(ಕುಂದಾಪುರದಿಂದ)

ಪದ ಕಟ್ಟುವ ಕೆಲಸ ಬೇರೆ, ಉತ್ತರ ಪಡೆಯುವ ಕೆಲಸ ಬೇರೆ. ಬೋಟು, ಐಸು ಎಂಬುವನ್ನು ಕಡಲಿಗೆ ಹೋಗುವವರೇ ಪಳಗಿಸಿಕೊಂಡು ವಿಭಕ್ತಿ ಹಚ್ಚಿ ಆಡುತ್ತಿದ್ದಾರೆ. ‘ಮಂಜುಗಡ್ಡೆಯಲ್ಲಿರಿಸಿದ ಮೀನು’ ಎಂದು ಓದಿದರೆ ಮಾರುವ ಹೆಂಗಸಿಗೆ ಅದು ತನ್ನ ಬುಟ್ಟಿಯ ಮೀನೆಂದು ಅನಿಸುವುದಿಲ್ಲ. ‘ತಾಜಾ’ ಪಾರಸಿಯದೆಂದು ಅದನ್ನೂ ತೆಗೆಸುವಿರೇನು?

(ಉಡುಪಿಯಿಂದ)

ಇಬ್ಬರು ಹಿರಿಯರಿಗೂ ಕೃತಜ್ಞತೆಗಳು. ‘ತಾಜಾ’ ಎಂಬ ಪದ ಬಂದದ್ದರಿಂದ ನನ್ನ ಇನ್ನೊಂದು ತಪ್ಪು ನನಗೆ ಕಾಣಿಸಿತು. ನಮ್ಮ ಕರಡಿನಲ್ಲಿ ‘ವಾರಕ್ಕೆ ಎಷ್ಟು ಸಲ ಹಸಿ ಮೀನು ತಿನ್ನುತ್ತೀರಿ?’ ಎಂಬ ಪ್ರಶ್ನೆಯಿದೆ. ಕರಾವಳಿಯಲ್ಲಿ ಹಸಿ ಮೀನು ಎಂದರೆ ಒಣಮೀನಲ್ಲದ್ದು, ಅಷ್ಟೇ. ಮಂಡ್ಯದಲ್ಲಿ ಇದನ್ನು ಓದಿ ಹೇಳಿದ ನಮ್ಮ ವಿದ್ಯಾರ್ಥಿನಿಗೆ, “ಬೇಯಿಸದೆ ಯಾರಮ್ಮ ತಿಂತಾರೆ?” ಎಂಬ ಉತ್ತರ ಸಿಕ್ಕಿತು. ಅದೇ ಸಾಲಿನಲ್ಲಿದ್ದ ‘ವಾರ’ವೂ ಅಲ್ಲಿ ತೊಡಕಾಯಿತು. ‘ನಾವು ಶನಿವಾರ ವಾರ ಮಾಡ್ತೀವಿ’ ಎಂದರೆ ಆ ದಿನ ಬಾಡು, ಮೀನು ಮುಟ್ಟುವುದಿಲ್ಲ ಎಂದು ಅರ್ಥ. ತಿನ್ನದಿರುವುದಕ್ಕೆ ಅವರಲ್ಲಿ ಇಷ್ಟು ಚಿಕ್ಕದಾದ, ಖಚಿತವಾದ ಮಾತು ಇರುವಾಗ ನಾನು ನಿಘಂಟಿನಲ್ಲಿ ಹುಡುಕುತ್ತ ಕುಳಿತಿದ್ದೆ.

ಎರಡು ಜಿಲ್ಲೆಗಳಿಗೆ ಎರಡು ಪ್ರತಿಗಳನ್ನು ಮಾಡಲು ನಿರ್ಧರಿಸಿದ್ದೇವೆ. ಉಡುಪಿಯ ಪ್ರತಿಯಲ್ಲಿ ‘ನಿಮ್ಮ ಮನೆಗೆ ಹೆಚ್ಚಾಗಿ ಬರುವುದು ಯಾವ ಮೀನು?’ ಎಂದು ಕೇಳಿ, ಕುಂದಾಪುರದವರು ಸೂಚಿಸಿದ ಹೆಸರುಗಳನ್ನು ಕೊಡುತ್ತೇವೆ. ಮಂಡ್ಯದ ಪ್ರತಿಯಲ್ಲಿ ಕೆರೆ, ಹೊಳೆ, ಸಮುದ್ರ ಎಂದು ಬಿಡಿಸಿ, ಕೆರೆಯದಾದರೆ ಬಿತ್ತನೆಯದೋ ನಾಟಿಯೋ ಎಂದು ಮುಂದಿನ ಸಾಲಿನಲ್ಲಿ ಕೇಳುತ್ತೇವೆ; ಧಾರವಾಡದವರ ಪದ ಅಲ್ಲಿ ತನ್ನ ಸರಿಯಾದ ಅರ್ಥದಲ್ಲಿಯೇ ನಿಲ್ಲುತ್ತದೆ. ‘ನೀವು ಮಾಂಸಾಹಾರಿಯೇ?’ ಎಂಬ ಮೊದಲ ಪ್ರಶ್ನೆಯನ್ನು ತೆಗೆದುಹಾಕಿದ್ದೇವೆ, ಏಕೆಂದರೆ ಮಾಂಸ ತಿನ್ನದೆ ಮೀನು ಮಾತ್ರ ತಿನ್ನುವ ಮನೆಗಳವರು ಅಲ್ಲಿಯೇ ‘ಅಲ್ಲ’ ಎಂದುಬಿಟ್ಟರೆ ಮುಂದಿನ ಪುಟಗಳೆಲ್ಲ ಖಾಲಿ ಉಳಿಯುತ್ತವೆ.

ಉಳಿದಿರುವುದು ಒಂದೇ ಪದ. ಬಾಣಂತಿಗೆ, ಗಾಯವಾದವರಿಗೆ ಕೆಲವು ಮೀನು ‘ನಂಜು’ ಎಂದು ಇಲ್ಲಿ ಹೇಳುತ್ತಾರೆ. ಇದು ವಿಷ ಎಂಬ ಅರ್ಥದ್ದಲ್ಲ, ಅಲರ್ಜಿಯೂ ಅಲ್ಲ. ಗಾಯ ಮಾಯಲು ಬಿಡದ ಗುಣ ಎಂಬ ನಂಬಿಕೆ. ಮಂಡ್ಯದ ಪ್ರತಿಯಲ್ಲಿ ‘ನಂಜು’ ಎಂದೇ ಬಿಟ್ಟರೆ ಈ ಅರ್ಥ ಹೊಳೆಯುತ್ತದೆಯೇ, ಅಥವಾ ಆ ಕಡೆ ಬೇರೆ ಮಾತಿದೆಯೇ? ಮಂಡ್ಯ, ಮೈಸೂರು, ಹಾಸನದ ಕಡೆಯವರು ಭಾನುವಾರ ಸಂಜೆಯೊಳಗೆ ತಿಳಿಸಿದರೆ ಸೇರಿಸಿಕೊಳ್ಳಬಹುದು.