ಕಾರು ಮಾರುವ ಬದಲು ಬಾಡಿಗೆಗೆ ಕೊಡೋಣ ಅಂದ್ರೆ ಕಂಪನಿ ಒಳಗೇ ಅಡ್ಡಗಾಲು. ನಡೆದ ಕಡೆ ಹೇಗೆ ನಡೆಯಿತು?

ಪ್ಲಾನಿಂಗ್ ಮೂಲೆ:
ಒಂದು ಕಾರು ಕಂಪನಿಯಲ್ಲಿದ್ದೇನೆ, ಹೆಸರು ಬೇಡ. ಕಾರನ್ನು ತಿಂಗಳ ಬಾಡಿಗೆಗೆ ಕೊಡುವ ಪ್ಲಾನ್ ಒಂದನ್ನು ನಾವು ಮೂವರು ಕೊಟ್ಟೆವು. ಮೀಟಿಂಗಿನಲ್ಲಿ ಎಲ್ಲರೂ ತಲೆಯಾಡಿಸಿದರು. ಎಂಟು ತಿಂಗಳಾಯಿತು, ಫೈಲು ಕದಲಿಲ್ಲ. ಸೇಲ್ಸ್‌ನವರು "ಇದು ನಮ್ಮ ಟಾರ್ಗೆಟ್‌ಗೆ ಸೇರುತ್ತಾ?" ಅನ್ನುತ್ತಾರೆ. ಫೈನಾನ್ಸ್‌ನವರು "ವಾಪಸ್ ಬಂದ ಹಳೇ ಕಾರು ಯಾರ ತಲೆಗೆ?" ಅನ್ನುತ್ತಾರೆ. ದಯವಿಟ್ಟು 'ನಾಯಕತ್ವ, ಸಂಸ್ಕೃತಿ' ಅಂತ ಹೇಳಬೇಡಿ, ಸ್ಲೈಡಿನಲ್ಲಿ ನೋಡಿ ಸಾಕಾಗಿದೆ.

ಹಳೇ ಸ್ಪ್ಯಾನರ್:
ನಮ್ಮ ರೇವಾ ನೋಡಿ. 2001ರಲ್ಲಿ ಬೆಂಗಳೂರಿನ ರಸ್ತೆಗಿಳಿದ ಎಲೆಕ್ಟ್ರಿಕ್ ಕಾರು. ಒಳಗೆ ಉಕ್ಕಿನ ಕೊಳವೆಗಳ ಚೌಕಟ್ಟು, ಮೇಲೆ ಎಬಿಎಸ್ ಪ್ಲಾಸ್ಟಿಕ್ ಹೊದಿಕೆ. ತಗಡು ಒತ್ತುವ ದೊಡ್ಡ ಪ್ರೆಸ್‌ಗಳಿಗೆ ಕೋಟಿಗಟ್ಟಲೆ ಸುರಿಯಬೇಕಿರಲಿಲ್ಲ. ಸುರಿದಿದ್ದರೆ ಅದನ್ನು ತುಂಬಿಕೊಳ್ಳಲು ಲಕ್ಷಗಟ್ಟಲೆ ಕಾರು ಮಾರಲೇಬೇಕು, ಅಲ್ವಾ? ಇವರು ಕಡಿಮೆ ಕಾರು ಮಾಡಿಯೂ ಉಸಿರಾಡಿದರು, 2004ರಿಂದ ಲಂಡನ್ನಿನಲ್ಲೂ ಜಿ-ವಿಜ್ ಅಂತ ಮಾರಿದರು. 2010ರಲ್ಲಿ ಮಹೀಂದ್ರ ಕೈಗೆ ಹೋಯಿತು. ಆಮೇಲೆ ಬಂದ ಇ2ಒ ಕಾರಿಗೆ ಬ್ಯಾಟರಿ ದುಡ್ಡನ್ನು ಬೆಲೆಯಿಂದ ತೆಗೆದು, ತಿಂಗಳ ಕಂತಿನಂತೆ ಕಟ್ಟುವ ಸ್ಕೀಮನ್ನೂ ತಂದರು. ಕಾರು ಜಾಸ್ತಿ ಮಾರಾಟವಾಗಲಿಲ್ಲ, ಅದು ಬೇರೆ ಮಾತು. ನಿಮ್ಮ ಫ್ಯಾಕ್ಟರಿಯಲ್ಲಿ ಪ್ರೆಸ್ ದಿನವಿಡೀ ಬಡಿಯುತ್ತಿದ್ದರೆ ಕಾರು ಮಾರಲೇಬೇಕು, ಸೇಲ್ಸ್‌ನವರನ್ನು ಬೈದು ಏನು ಪ್ರಯೋಜನ?

ಸ್ಟುಟ್‌ಗಾರ್ಟ್ ಕನ್ನಡಿಗ:
ಇಲ್ಲಿ ಜರ್ಮನಿಯಲ್ಲಿ, ಮರ್ಸಿಡಿಸ್ ಕಾರಿನ ಡೈಮ್ಲರ್ ಕಂಪನಿ ಪ್ರೆಸ್‌ಗಳನ್ನು ಇಟ್ಟುಕೊಂಡೇ ಮಾಡಿತು. ಹೊಸ ವ್ಯವಹಾರ ಹುಡುಕುವುದೇ ಕೆಲಸ ಅಂತ ಒಂದು ಪುಟ್ಟ ತಂಡವಿತ್ತು. ಆ ತಂಡಕ್ಕೆ ಕಾರು ಮಾರುವ ಟಾರ್ಗೆಟ್ ಇರಲಿಲ್ಲ. 2008ರಲ್ಲಿ ಉಲ್ಮ್ ಊರಿನಲ್ಲಿ ಕಾರ್2ಗೋ ಅಂತ ಕಾರು ಬಾಡಿಗೆ ಸೇವೆ ಶುರು ಮಾಡಿದಾಗ ಮೊದಲ ಗಿರಾಕಿಗಳು ಅವರದೇ ನೌಕರರು. ಮರುವರ್ಷ ಊರಿಗೆಲ್ಲ ಬಾಗಿಲು ತೆರೆದರು, ಬಾಡಿಗೆ ನಿಮಿಷದ ಲೆಕ್ಕದಲ್ಲಿ. ಕಾರೂ ಮನೆಯದೇ, ಇಬ್ಬರು ಕೂರುವ ಸ್ಮಾರ್ಟ್. ಎಲ್ಲಿ ಬೇಕಾದರೂ ಸಿಕ್ಕಿಸಬಹುದು. 2019ರಲ್ಲಿ ಬಿಎಂಡಬ್ಲ್ಯೂ ಸೇವೆಯ ಜೊತೆ ಸೇರಿ ಶೇರ್ ನೌ ಆಯಿತು, 2022ರಲ್ಲಿ ಅದನ್ನೂ ಮಾರಿಬಿಟ್ಟರು. ಅಷ್ಟು ದಿನ ನಡೆಸಿದ್ದೂ ಸುಮ್ನೆ ಅಲ್ಲ.

ಪ್ಲಾನಿಂಗ್ ಮೂಲೆ:
ನೌಕರರಿಂದ ಶುರು ಮಾಡುವುದು ಹೊಳೆದೇ ಇರಲಿಲ್ಲ! ನಮ್ಮ ಶೆಡ್ಡಿನಲ್ಲಿ ಹನ್ನೆರಡು ಟೆಸ್ಟ್ ಡ್ರೈವ್ ಕಾರು ಧೂಳು ತಿನ್ನುತ್ತಿವೆ. ಅವು ಹೇಗೂ ಹಳೇ ಕಾರೇ, ಫೈನಾನ್ಸ್‌ನವರು ಏನನ್ನುತ್ತಾರೋ ನೋಡೋಣ. ಸೋಮವಾರ ಕೀ ಕೇಳುತ್ತೇನೆ.

ಹಳೇ ಸ್ಪ್ಯಾನರ್:
ಮೊದಲು ಇನ್ಶೂರೆನ್ಸ್ ಕೇಳಿ ಮಾರಾಯ್ರೇ.