ಅಂತರಗಂಗೆ ಬೆಟ್ಟದ ಅಂಚಿನ ಕಾಲುದಾರಿಯಲ್ಲಿ ಎಂಟಿಬಿ (ಮೌಂಟೇನ್ ಸೈಕಲ್) ಓಡಿಸಬಹುದಾ?

ಚಿಂತಾಮಣಿ ಸವಾರ:
ಎರಡು ವರ್ಷದಿಂದ ನಂದಿ ಬೆಟ್ಟದ ಡಾಂಬರು ರಸ್ತೆ ಹತ್ತಿ ಇಳಿದ ಅಭ್ಯಾಸ ಇದೆ. ಹೋದ ತಿಂಗಳು ಹಾರ್ಡ್‌ಟೇಲ್ ತೆಗೆದುಕೊಂಡೆ. ಸಸ್ಪೆನ್ಷನ್ (ಅದುರು ತಡೆಯುವ ಸ್ಪ್ರಿಂಗ್) ಮುಂದೆ ಮಾತ್ರ, 100 ಮಿ.ಮೀ., ಚಕ್ರ 29 ಇಂಚು. ಕೋಲಾರದ ಅಂತರಗಂಗೆ ಬೆಟ್ಟದ ಮೇಲೆ, ತೇರಹಳ್ಳಿ ಕಡೆ, ಬಂಡೆ ಅಂಚಿನಲ್ಲೇ ಸಾಗುವ ಕಾಲುದಾರಿಗಳಿವೆ ಅಂತ ಕೇಳಿದೆ. ಈ ಸೈಕಲ್ ಸಾಕಾ? ಪ್ರಪಾತ ಕಂಡರೆ ನನಗೆ ಕೈ ಬಿಗಿಯುತ್ತದೆ, ಅದೂ ಒಂದು ಭಯ.

ಗರಸುದಾರಿ, ಕೋಲಾರ:
ಸೈಕಲ್ ಧಾರಾಳ ಸಾಕು. ಆರು ವರ್ಷದಿಂದ ನಾನು ಅಲ್ಲಿ ಓಡಿಸುತ್ತಿರುವುದೂ ಅಂಥದ್ದೇ. ದೇವಸ್ಥಾನದ ಮೆಟ್ಟಿಲ ಕಡೆಯಿಂದ ಹೊತ್ತುಕೊಂಡು ಹತ್ತಬೇಡಿ, ಭಕ್ತರಿಗೆ ತೊಂದರೆ, ಕೋತಿ ಕಾಟ ಬೇರೆ. ತೇರಹಳ್ಳಿ ರಸ್ತೆಯಲ್ಲೇ ಮೇಲೆ ಬನ್ನಿ.

ಅಂಚಿಗಿಂತ ಜಾಸ್ತಿ ಹೆದರಬೇಕಾದ್ದು ಗರಸಿಗೆ. ಒಣಗಿದ ಹಾಸುಬಂಡೆ ಟೈರನ್ನು ಅಂಟಿದ ಹಾಗೆ ಹಿಡಿಯುತ್ತದೆ. ಆದರೆ ಬಿಸಿಲು ಮಳೆಗೆ ಅದೇ ಬಂಡೆ ಹರಳು ಹರಳಾಗಿ ಉದುರಿ ಮೇಲೆ ಕೂತಿರುತ್ತದೆ. ಚಕ್ರ ಹತ್ತಿದರೆ ಕಣದಲ್ಲಿ ಚೆಲ್ಲಿದ ರಾಗಿ ಥರ ಉರುಳುತ್ತದೆ. ಎರಡು ವರ್ಷದ ಹಿಂದೆ ಅದರ ಮೇಲೆ ಮುಂದಿನ ಬ್ರೇಕ್ ಒತ್ತಿಬಿಟ್ಟೆ. ಚಕ್ರ ಪಕ್ಕಕ್ಕೆ ಜಾರಿತು, ಮೊಣಕೈ ಸುಲಿಯಿತು. ಸೈಕಲ್ ಹೋಗಿ ಬಾದೆ ಹುಲ್ಲಿನ ಪೊದೆಗೆ ಸಿಕ್ಕಿಕೊಂಡಿತು, ಅಂಚಿಗೆ ಎರಡು ಮಾರು ಇತ್ತು ಅಷ್ಟೇ. ನಜ್ಜಿದ ಹುಲ್ಲಿನ ನಿಂಬೆ ವಾಸನೆ ಬಂದರೆ ಈಗಲೂ ಎದೆ ಧಸಕ್ಕೆನ್ನುತ್ತದೆ.

ಅದಕ್ಕೇ ಹೇಳುವುದು, ಗರಸು ಬರುವ ಮುಂಚೆ, ಬರೀ ಬಂಡೆ ಮೇಲೇ ವೇಗ ಇಳಿಸಿ. ಗರಸಿನ ಮೇಲೆ ಮುಂದಿನ ಬ್ರೇಕ್ ಬಿಟ್ಟು ಹ್ಯಾಂಡಲ್ ನೆಟ್ಟಗೆ ಹಿಡಿಯಿರಿ. ಸೀಟು ತಗ್ಗಿಸಿ, ಪೆಡಲ್ ಎರಡೂ ಒಂದೇ ಮಟ್ಟದಲ್ಲಿರಲಿ. ಕಣ್ಣು ಹದಿನೈದು ಅಡಿ ಮುಂದಿನ ದಾರಿ ಮೇಲಿರಲಿ. ಕಣ್ಣು ಹೋದ ಕಡೆಗೇ ಸೈಕಲ್ ಹೋಗುತ್ತದೆ. ಕೈ ಬಿಗಿಯಿತಾ, ಇಳಿದು ನಡೆಯಿರಿ. ನಾನೂ ಎರಡು ಕಡೆ ಇಂದಿಗೂ ನಡೆದೇ ಹೋಗುತ್ತೇನೆ.

ನೋಟದ ಬಗ್ಗೆ ಕೇಳಲೇ ಇಲ್ಲ ನೀವು! 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಜಿಲ್ಲೆಗೆ ಬಂದ ಮೇಲೆ, ಒಣಗಿ ಬಿದ್ದಿದ್ದ ಕೆರೆಗಳು ಮೇಲಿನಿಂದ ಮಿನುಗುವುದನ್ನು ನೋಡಬೇಕು. ನಿಂತು ನೋಡಿ, ಓಡಿಸುತ್ತಾ ಬೇಡ.

ಮಾಲೂರು ಎಂಟಿಬಿ:
ಮೇಲಿನದೆಲ್ಲ ಸರಿ. ಒಂದೆರಡು ಸೇರಿಸುತ್ತೇನೆ. ಮಳೆ ಬಂದ ಮಾರನೇ ದಿನ ಹೋಗಲೇಬೇಡಿ. ಬಂಡೆ ಮೇಲಿನ ಕಪ್ಪು ಪಾಚಿ ನೆನೆದರೆ ಸೋಪು ಸವರಿದ ಹಾಗೆ. ಆ ದಾರಿ ಮಾಡಿದ್ದೇ ಊರಿನವರ ಕಾಲು, ಅವರ ದನ ಕುರಿ. ಮಂದೆ ಎದುರಾದರೆ ದೂರದಲ್ಲೇ ಇಳಿದು, ಬೆಟ್ಟದ ಬದಿಗೆ ಸರಿದು ನಿಲ್ಲಿ. ಬೆಲ್ ಹೊಡೆಯಬೇಡಿ, ಮರಿಗಳು ಬೆದರಿ ಅಂಚಿಗೆ ಓಡುತ್ತವೆ.

ಚಿಂತಾಮಣಿ ಸವಾರ:
ಭಾನುವಾರ ಹೋಗಿ ಬಂದೆ. ಗರಸಿನ ಇಳಿಜಾರು ಮೊದಲು ನಡೆದು ನೋಡಿದೆ, ಆಮೇಲೆ ವಾಪಸ್ ಹತ್ತಿ ಓಡಿಸಿದೆ. ಬೀಳಲಿಲ್ಲ. ಆದರೆ ಜಾಲಿ ಮುಳ್ಳಿಗೆ ಎರಡು ಪಂಕ್ಚರ್, ಎರಡನೆಯದಕ್ಕೆ ಬದಲಿ ಟ್ಯೂಬೇ ಇರಲಿಲ್ಲ. ತೇರಹಳ್ಳಿಯ ಒಬ್ಬ ಅಜ್ಜ ಪ್ಯಾಚ್ ಹಾಕಲು ನೀರಿನ ಬೋಗುಣಿ ತಂದುಕೊಟ್ಟರು. ಟ್ಯೂಬ್‌ಲೆಸ್ ಮಾಡಿಸಿದರೆ ಗಾಳಿ ಎಷ್ಟಿಡಬೇಕು? ನನ್ನ ತೂಕ 70 ಕೆ.ಜಿ.

ಗರಸುದಾರಿ, ಕೋಲಾರ:
ಮುಂದೆ 22, ಹಿಂದೆ 25 ಪಿಎಸ್‌ಐನಿಂದ ಶುರು ಮಾಡಿ. ರಿಮ್ ಬಂಡೆಗೆ ತಾಗುವ ಸದ್ದು ಬಂದರೆ ಎರಡು ಏರಿಸಿ. ಸೀಲೆಂಟ್ (ತೂತು ಮುಚ್ಚುವ ದ್ರವ) ಹಾಕಿಸಿದ್ದರೂ ಒಂದು ಟ್ಯೂಬ್ ಚೀಲದಲ್ಲಿರಲಿ.