ಚರ್ಚೆ: ಬಡಾವಣೆಯ ಫೇರ್ ಟ್ರೇಡ್ ಸಂತೆಗೆ ಮುದ್ರೆ ಮುಖ್ಯವೋ, ಲೆಕ್ಕ ಮುಖ್ಯವೋ?

ಜಯನಗರದ ಸ್ವಯಂಸೇವಕಿ:
ನಮ್ಮ ಬಡಾವಣೆಯ ಕೆಲವರು ಸೇರಿ, ತಿಂಗಳಿಗೊಂದು ಭಾನುವಾರ ಕಾಫಿ ಪುಡಿ, ಕೈಮಗ್ಗದ ಬಟ್ಟೆ ಹಾಗೂ ಚನ್ನಪಟ್ಟಣದ ಗೊಂಬೆಗಳನ್ನು ಫೇರ್ ಟ್ರೇಡ್ ತತ್ತ್ವದಂತೆ, ಎಂದರೆ ಬೆಳೆದವರಿಗೂ ತಯಾರಿಸಿದವರಿಗೂ ನ್ಯಾಯವಾದ ಬೆಲೆ ಸಿಗುವಂತೆ, ಮಾರುವ ಸಂತೆ ನಡೆಸಲು ಯೋಚಿಸಿದ್ದೇವೆ. ಇಂಗ್ಲೆಂಡಿನ ಗಾರ್‌ಸ್ಟ್ಯಾಂಗ್ ಎಂಬ ಪುಟ್ಟ ಪಟ್ಟಣದ ಸ್ವಯಂಸೇವಕರು ಅಂಗಡಿ, ಶಾಲೆ, ಚರ್ಚುಗಳನ್ನು ಒಪ್ಪಿಸಿ 2000ದಲ್ಲಿ ತಮ್ಮ ಊರನ್ನೇ ಫೇರ್ ಟ್ರೇಡ್ ಪಟ್ಟಣವೆಂದು ಘೋಷಿಸಿಕೊಂಡರು; ಆ ಮಾದರಿ ಆಮೇಲೆ ಹಲವು ದೇಶಗಳಿಗೆ ಹರಡಿತು. ನಮ್ಮ ಪ್ರಶ್ನೆ ಇಷ್ಟೇ: ಪ್ರಮಾಣಪತ್ರದ ಮುದ್ರೆಯಿರುವ ಸರಕನ್ನು ಮಾತ್ರ ಇಡಬೇಕೆ?

ಕೊಡಗಿನ ಬೆಳೆಗಾರ:
ಮೇಡಂ, ಫೇರ್‌ಟ್ರೇಡ್ ಇಂಟರ್‌ನ್ಯಾಷನಲ್ ಸಂಸ್ಥೆಯು ಕಾಫಿಗೆ ಮುದ್ರೆ ಕೊಡುವುದು ಸಣ್ಣ ಬೆಳೆಗಾರರ ಸಂಘಗಳಿಗೆ ಮಾತ್ರ. ಸಂಘವಿಲ್ಲದ ಒಂಟಿ ಬೆಳೆಗಾರನಿಗೆ ಅದು ದಕ್ಕುವುದಿಲ್ಲ. ಸಂಘವಿದ್ದರೂ ತಪಾಸಣೆಯ ಶುಲ್ಕವನ್ನು ಭರಿಸಬೇಕು. ನಮ್ಮಲ್ಲಿ ಬಹುತೇಕರು ಒಣಗಿಸಿದ ಕಾಫಿ ಹಣ್ಣನ್ನು (ಚೆರ್ರಿ) 50 ಕಿಲೋ ಚೀಲದ ಲೆಕ್ಕದಲ್ಲಿ ಹತ್ತಿರದ ವ್ಯಾಪಾರಿಗೆ ಹಾಕುತ್ತೇವೆ. ಔಟ್‌ಟರ್ನ್ (ಒಣ ಹಣ್ಣಿನ ಚೀಲದಿಂದ ಸಿಗುವ ಬೀಜದ ತೂಕ) ಎಷ್ಟು, ತೇವಾಂಶ ಎಷ್ಟು ಎಂಬುದರ ಮೇಲೆ ದರ ನಿಂತಿರುತ್ತದೆ, ಅದನ್ನು ಅಳೆಯುವವನೂ ಕೊಳ್ಳುವವನೇ. ಅನ್ಯಾಯವಾಗುವುದಿದ್ದರೆ ಮೊದಲು ಅಲ್ಲಿಯೇ ಆಗುತ್ತದೆ, ಆ ಹಂತವನ್ನು ಗ್ರಾಹಕರು ನೋಡುವುದೇ ಇಲ್ಲ.

ಲೆಕ್ಕ ಕೇಳುವವನು:
ಅಂಕಿಗಳನ್ನೇ ನೋಡೋಣ. ತೊಳೆದು ಸಂಸ್ಕರಿಸಿದ ಅರೇಬಿಕಾ ತಳಿಯ ಕಾಫಿಗೆ ಆ ಮುದ್ರೆಯಡಿ ಸಿಗಲೇಬೇಕಾದ ಕನಿಷ್ಠ ದರವನ್ನು 2023ರ ಆಗಸ್ಟ್‌ನಿಂದ ಪೌಂಡ್ ತೂಕಕ್ಕೆ (ಸುಮಾರು 450 ಗ್ರಾಂ) 1.40 ಡಾಲರಿನಿಂದ 1.80 ಡಾಲರಿಗೆ ಏರಿಸಲಾಯಿತು; ಅದರ ಮೇಲೆ ಸಂಘಕ್ಕೆ ಪೌಂಡಿಗೆ 20 ಸೆಂಟ್ ಹೆಚ್ಚುವರಿ ಹಣ (ಪ್ರೀಮಿಯಂ) ಸಲ್ಲುತ್ತದೆ. ಕಿಲೋಗೆ ಲೆಕ್ಕ ಹಾಕಿದರೆ ಈ ಪ್ರೀಮಿಯಂ ಸುಮಾರು 44 ಸೆಂಟ್, ಎಂದರೆ ಹೆಚ್ಚುಕಡಿಮೆ ನಲವತ್ತು ರೂಪಾಯಿ. ಮಾರುಕಟ್ಟೆ ಬಿದ್ದಾಗ ಕನಿಷ್ಠ ದರ ಬೆಳೆಗಾರನ ಕೈ ಹಿಡಿಯುತ್ತದೆ ನಿಜ, ಆದರೆ 2025ರ ಆರಂಭದಲ್ಲಿ ಅರೇಬಿಕಾ ನಾಲ್ಕು ಡಾಲರ್ ದಾಟಿದ್ದಂತಹ ಕಾಲದಲ್ಲಿ ಅದು ಕೆಲಸಕ್ಕೇ ಬರುವುದಿಲ್ಲ. ಹೀಗಿರುವಾಗ ಮುದ್ರೆಯ ಹೆಸರಿನಲ್ಲಿ ಕಿಲೋಗೆ ಇನ್ನೂರು ರೂಪಾಯಿ ಹೆಚ್ಚು ಕೇಳಿದರೆ, ಉಳಿದ ನೂರ ಅರವತ್ತು ಯಾರ ಜೇಬಿಗೆ ಹೋಯಿತೆಂದು ಕೇಳುವುದು ಸಿನಿಕತನವಲ್ಲ.

ಬಸವನಗುಡಿಯ ಹಿರಿಯ:
ಬೆಳೆಗಾರರನ್ನು ಕಾಯುವ ಯೋಚನೆ ನಮಗೆ ಹೊಸದೇನಲ್ಲ. 1959ರಲ್ಲಿ ಆರಂಭವಾದ ಹಣ್ಣು-ತರಕಾರಿ ಬೆಳೆಗಾರರ ಸಹಕಾರ ಸಂಘ ಹಾಪ್‌ಕಾಮ್ಸ್ ಇದೇ ಉದ್ದೇಶದ್ದು. ಬೆಳೆಯನ್ನು ಮಂಡಳಿಗೆ ಒಪ್ಪಿಸಿ, ಅದು ಒಟ್ಟಾಗಿ ಮಾರಿ ಹಣ ಹಂಚುತ್ತಿದ್ದ ಕಾಫಿ ಮಂಡಳಿಯ ಪೂಲ್ ಪದ್ಧತಿಯೂ ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಳೆಗಾರರನ್ನು ಉಳಿಸಲೆಂದೇ ಬಂದಿತ್ತು. ಕೊನೆಕೊನೆಗೆ ಹಣ ಕಂತುಗಳಲ್ಲಿ ತಡವಾಗಿ ಕೈಸೇರುತ್ತದೆಂದು ಬೆಳೆಗಾರರೇ ಬೇಸತ್ತರು, 1996ರ ಹೊತ್ತಿಗೆ ಅದು ಮುಗಿದೂ ಹೋಯಿತು. ಆದ್ದರಿಂದ ಎಷ್ಟು ಕೊಡುತ್ತೀರಿ ಎಂಬುದರ ಜೊತೆಗೆ ಯಾವಾಗ ಕೊಡುತ್ತೀರಿ ಎಂಬುದನ್ನೂ ಈಗಲೇ ತೀರ್ಮಾನಿಸಿರಿ.

ಮಗ್ಗದ ಪರವಾಗಿ:
ಹಿರಿಯರ ಮಾತು ಬಟ್ಟೆಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ವಿಶ್ವ ಫೇರ್ ಟ್ರೇಡ್ ಸಂಘಟನೆಯ ಹತ್ತು ತತ್ತ್ವಗಳ ಪ್ರಕಾರ, ಕರಕುಶಲ ವಸ್ತುಗಳನ್ನು ತಯಾರಿಸುವವರು ಕೇಳಿದಾಗ ಅರ್ಧದಷ್ಟಾದರೂ ಹಣವನ್ನು ಬಡ್ಡಿಯಿಲ್ಲದೆ ಮುಂಗಡ ಕೊಡಬೇಕು. ನಮ್ಮ ನಗರದ ಸದುದ್ದೇಶದ ಮಳಿಗೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇದಕ್ಕೆ ತಿರುಗುಮುರುಗು: ಮಾರಾಟವಾದರೆ ದುಡ್ಡು, ಆಗದಿದ್ದರೆ ಗಂಟು ಕಟ್ಟಿ ವಾಪಸು. ನಷ್ಟದ ಭಾರವನ್ನೆಲ್ಲ ನೇಕಾರರೇ ಹೊರಬೇಕಾದರೆ ಅದನ್ನು ಫೇರ್ ಟ್ರೇಡ್ ಎಂದು ಕರೆಯಲು ಸ್ವಲ್ಪ ಧೈರ್ಯವೇ ಬೇಕು. ಹೆಗ್ಗೋಡಿನ ಚರಕದಂತಹ ಹೆಸರುವಾಸಿ ಮಹಿಳಾ ಸಹಕಾರ ಸಂಘವೇ 2020ರಲ್ಲಿ ಆರ್ಥಿಕ ಸಂಕಷ್ಟವನ್ನು ಬಹಿರಂಗವಾಗಿ ಹೇಳಿಕೊಳ್ಳಬೇಕಾಯಿತು ಎಂಬುದನ್ನು ಮರೆಯದಿರೋಣ.

ಜಯನಗರದ ಸ್ವಯಂಸೇವಕಿ:
ಹಾಗಾದರೆ ಮುದ್ರೆಯನ್ನು ಕಡ್ಡಾಯ ಮಾಡುವುದಿಲ್ಲ. ಬಟ್ಟೆಯನ್ನು ನಾವೇ ವಂತಿಗೆ ಹಾಕಿ ಮುಂಗಡ ಕೊಟ್ಟು ತರಿಸುತ್ತೇವೆ, ಉಳಿದದ್ದನ್ನು ಹಿಂದಿರುಗಿಸುವುದಿಲ್ಲ. ಕೈಯಲ್ಲಿರುವ ಹಣ ಸಾಲದ ಕಾರಣ ಗೊಂಬೆಗಳು ಮುಂದಿನ ಸಂತೆಗೆ. ಕಾಫಿಯನ್ನು ಬೆಳೆಗಾರರ ಸಂಘವೊಂದರಿಂದ ತಂದು, ಬೆಳೆಗಾರರಿಗೆ ಎಷ್ಟು, ಹುರಿದು ಪುಡಿ ಮಾಡಲು ಎಷ್ಟು, ಸಾಗಣೆಗೆ ಎಷ್ಟು ಎಂಬುದನ್ನು ಫಲಕದಲ್ಲಿ ಬರೆದು ತೂಗುಹಾಕುತ್ತೇವೆ.

ಲೆಕ್ಕ ಕೇಳುವವನು:
ಫಲಕಕ್ಕೆ ನನ್ನ ಬೆಂಬಲವಿದೆ. ಆದರೆ ಹಣ್ಣು ಕೊಯ್ಯುವ ಕಾರ್ಮಿಕರಿಗೆ ಕಿಲೋಗೆ ಎಷ್ಟು ಕೂಲಿ ಸಿಕ್ಕಿತೆಂಬ ಸಾಲು ಅದರಲ್ಲಿ ಇರುತ್ತದೆಯೇ?

ಕೊಡಗಿನ ಬೆಳೆಗಾರ:
ಅಸ್ಸಾಮಿನಿಂದ, ಉತ್ತರ ಕರ್ನಾಟಕದಿಂದ ಬರುವವರನ್ನು ನಂಬಿ ಕೊಯ್ಲು ಮಾಡುವ ನಮಗೆ ಇದು ಇರುಸುಮುರುಸಿನ ಪ್ರಶ್ನೆ, ಒಪ್ಪುತ್ತೇನೆ. ಕೂಲಿಯನ್ನು ಬರೆಯಿರಿ, ನನ್ನ ತಕರಾರಿಲ್ಲ. ಅದರ ಪಕ್ಕದಲ್ಲಿ ಗೊಬ್ಬರದ ಖರ್ಚನ್ನೂ, ಅಕಾಲ ಮಳೆಗೆ ಉದುರಿಹೋದ ಹಣ್ಣಿನ ಲೆಕ್ಕವನ್ನೂ ಬರೆಯಬೇಕು. ಇಲ್ಲದಿದ್ದರೆ ನನ್ನ ತೋಟದ ಕಾಫಿ ನಿಮ್ಮ ಸಂತೆಗೆ ಬರುವುದಿಲ್ಲ.